ತಕ್ಕಡಿಗೆ ಹಾಕದೆ ತೂಕ ಹೇಳಬಹುದೆ?

ಪ್ರಯೋಗಾಲಯದಲ್ಲಿ ತಕ್ಕಡಿ ಇದ್ದೂ ಕಣ್ಣಂದಾಜಿನಲ್ಲಿ ತೂಕ ಬರೆದರೆ ಅಂಕ ಸಿಕ್ಕೀತೆ? ಪೌರನೀತಿ ಪಾಠದ ‘ಬೊಮ್ಮಾಯಿ ಪ್ರಕರಣ’ದ ತಿರುಳೂ ಇಷ್ಟೇ.

ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದ ಎಸ್. ಆರ್. ಬೊಮ್ಮಾಯಿ, ಎಂ. ಎನ್. ರಾಯ್ ವಿಚಾರಗಳಿಗೆ ಒಲಿದವರು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿಯಾದರು. ಸಮಾಜವಾದದ ಹೆಸರು ಹೇಳುತ್ತಿದ್ದ ಜನತಾ ಪರಿವಾರದಲ್ಲಿ ಆಗ ನಾಯಕತ್ವದ ಜಗಳ ಬೀದಿಗೆ ಬಂದಿತ್ತು. ಬೊಮ್ಮಾಯಿ ಬಣ ಜನತಾದಳ ಸೇರಿತು, ಎಚ್. ಡಿ. ದೇವೇಗೌಡರ ಬಣ ಹೊರಗುಳಿಯಿತು.

1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾಯಿತು. ಕೆಲವೇ ದಿನಗಳಲ್ಲಿ, ಪಕ್ಷ ಬಿಟ್ಟ ಶಾಸಕರೊಬ್ಬರು 19 ಶಾಸಕರು ಬೆಂಬಲ ಹಿಂತೆಗೆದ ಪತ್ರಗಳನ್ನು ರಾಜ್ಯಪಾಲರಿಗೆ ಒಪ್ಪಿಸಿದರು. ಅವರಲ್ಲಿ 7 ಮಂದಿ ಮರಳಿ ಸರ್ಕಾರದ ಪರ ಬರೆದರು. ಸದನದಲ್ಲೇ ಬಹುಮತ ತೋರಿಸುತ್ತೇವೆಂದು ಬೊಮ್ಮಾಯಿ ಕೇಳಿಕೊಂಡರೂ ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ. ಇಂದಿಗೂ ದೇಶಕ್ಕೆಲ್ಲ ಅದೇ ಅಳತೆಗೋಲು.

ಆದರೆ ನ್ಯಾಯಾಲಯ ಸರ್ಕಾರವನ್ನು ಉಳಿಸಬಲ್ಲದು, ಒಡೆದ ಮನೆಯನ್ನು ಕೂಡಿಸಲಾರದು. 1985ರಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದಿತ್ತು. 1989ರ ನವೆಂಬರ್‌ನಲ್ಲಿ ಜನತಾದಳಕ್ಕೆ ದಕ್ಕಿದ್ದು 24. 1994ರಲ್ಲಿ ಒಂದಾಗಿ ಗೆದ್ದವರು 1999ರಲ್ಲಿ ಮತ್ತೆ ಎರಡಾದರು.

ಸುದ್ದಿಯಲ್ಲಿ ‘ಬಹುಮತ ಸಾಬೀತು’ ಎಂಬ ಮಾತು ಬಂದಾಗ ಪಾಲಕರು ಮಕ್ಕಳಿಗೆ ಈ ಕಥೆಯನ್ನು ಪೂರ್ತಿಯಾಗಿ ಹೇಳಲಿ: ತೀರ್ಪನ್ನೂ, ಜಗಳವನ್ನೂ.