ಏಳು ದಿನದ ತಾಯಿ ಸಾತೇರಿ

ಕಾರವಾರ ತಾಲೂಕಿನ ಹಣಕೋಣದಲ್ಲಿ ಸಾತೇರಿ ದೇವಿಯ ಗುಡಿಯ ಬಾಗಿಲು ವರ್ಷಕ್ಕೆ ಏಳು ದಿನ ಮಾತ್ರ ತೆರೆದಿರುತ್ತದೆ. ಉಳಿದ ದಿನಗಳಲ್ಲಿ ಬಂದವರು ಮುಚ್ಚಿದ ಬಾಗಿಲಿಗೇ ಕೈಮುಗಿಯಬೇಕು. ಕೊಂಕಣಿ, ಮರಾಠಿಗಳಲ್ಲಿ ‘ಸಾತ್’ ಎಂದರೆ ಏಳು. ಏಳು ದಿನ ದರ್ಶನವೀಯುವವಳು ಸಾತೇರಿ ಎಂದುಬಿಟ್ಟರೆ ಲೆಕ್ಕ ಸರಿಹೋಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಹೆಸರುಗಳು ಇಷ್ಟು ಸುಲಭವಾಗಿ ಕೈಗೆ ಸಿಕ್ಕುವಂಥವಲ್ಲ. ಗೋವೆಯ ಎಷ್ಟೋ ಹಳ್ಳಿಗಳಲ್ಲಿ ಇದೇ ತಾಯಿಯಿದ್ದಾಳೆ. ಆ ಗುಡಿಗಳೆಲ್ಲ ಏಳೇ ದಿನ ತೆರೆಯುವಂಥವಲ್ಲ. ಹೆಸರು ಮಾತ್ರ ಅದೇ, ಹಲವೆಡೆ ನಡುವೆ ಅನುಸ್ವಾರ ಸೇರಿ ‘ಸಾಂತೇರಿ’. ಏಳರ ಲೆಕ್ಕ ಅಲ್ಲಿಗೆ ತಪ್ಪಿತು.

ಗೋವೆಯಲ್ಲಿ ಆಕೆಯನ್ನು ಪೂಜಿಸುವುದು ಹುತ್ತದ ರೂಪದಲ್ಲಿ. ಗೆದ್ದಲು ಕಟ್ಟಿ, ಹಾವು ಸೇರಿ, ಮಳೆಗೆ ಕರಗದೆ ನಿಂತ ಮಣ್ಣು ಭೂತಾಯಿಯ ಮೈಯೇ ಎಂದು ಬೇಸಾಯದ ಜನ ಕಂಡದ್ದು ಸಹಜ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ಹೆಂಗಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುರಾಣಗಳಿಗೂ ಈ ಮಣ್ಣು ಹೊರತಲ್ಲ: ಸಂಸ್ಕೃತದಲ್ಲಿ ಹುತ್ತ ‘ವಲ್ಮೀಕ’, ಅದರೊಳಗಿಂದ ಎದ್ದುಬಂದವನು ವಾಲ್ಮೀಕಿ. ಸವದತ್ತಿಯ ಎಲ್ಲಮ್ಮನ ಪುರಾಣದ ಹೆಸರು ರೇಣುಕೆ. ‘ರೇಣು’ ಎಂದರೆ ಧೂಳು, ಮಣ್ಣಿನ ಕಣ.

ಇಂಥ ಮಣ್ಣಿನ ತಾಯಿಗೆ ಮುಂದೆ ‘ಶಾಂತಾದುರ್ಗೆ’ ಎಂಬ ಹೆಸರು ಬಂತು. ಶಿವನಿಗೂ ವಿಷ್ಣುವಿಗೂ ಯುದ್ಧ ನಡೆಯುತ್ತಿರಲು ದೇವಿ ನಡುವೆ ನಿಂತು ಇಬ್ಬರನ್ನೂ ಶಾಂತಗೊಳಿಸಿದಳೆಂದು ಕಥೆ. ಕಥೆ ಸೊಗಸಾಗಿದೆ, ಸಂದೇಹವಿಲ್ಲ. ಸಾಂತೇರಿಯೆಂಬುದು ‘ಶಾಂತಾ’ ಎಂಬುದರ ಅಪಭ್ರಂಶವೆಂದು ಹೇಳುವವರೂ ಇದ್ದಾರೆ. ಆದರೆ ಮಾತು ತಿರುಗಿಸಿ ನೋಡಬೇಕು: ಹಳ್ಳಿಯ ಬಾಯಲ್ಲಿದ್ದ ಅರ್ಥ ತಿಳಿಯದ ಹೆಸರಿಗೆ ಪಂಡಿತರು ಅರ್ಥವುಳ್ಳ ಸಂಸ್ಕೃತ ಹೆಸರನ್ನು ಹೊಂದಿಸಿದರೆಂಬುದೇ ಹೆಚ್ಚು ನಂಬತಕ್ಕದ್ದು. ಹುತ್ತದ ಹಿಂದೆ ಹರಿಹರರ ಜಗಳವಿರಲಿಲ್ಲ. ಬಿತ್ತನೆ, ಬಸಿರು, ಹಾವಿನ ಭಯ ಇದ್ದವು. ಹೊಸ ಹೆಸರು ಬಂದಲ್ಲಿ ಇವೆಲ್ಲ ಮೆಲ್ಲನೆ ಹಿಂದೆ ಸರಿದು, ತಾಯಿ ಸಂಧಾನ ಮಾಡಿಸುವ ದೇವತೆಯಾದಳು.

ಹಣಕೋಣದವರು ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಆ ಏಳು ದಿನಗಳಲ್ಲಿ ಉಡಿ ತುಂಬಲು ಸಾಲು ನಿಂತ ಹೆಂಗಸರನ್ನು ಹೆಸರಿನ ಅರ್ಥವೇನೆಂದು ಕೇಳಿದರೆ ಅವರು ನಕ್ಕಾರು. ‘ಅವ್ವ’ ಎಂಬುದಕ್ಕೆ ವ್ಯುತ್ಪತ್ತಿ ಕೇಳುವವರುಂಟೆ?