ಡಾಕ್ಟರಿಗೆ ಕನ್ನಡ ಬಾರದು, ರೋಗಕ್ಕೆ ಹೆಸರು ಸಿಗದು!



ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರೊಳಗೆ ಒಂದು ಬೆಳಗ್ಗೆ ಹೋಗಿ ನಿಂತು ನೋಡಿ. ದುಡ್ಡು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಸೊಗಸಾದ ಕನ್ನಡ. ಡಾಕ್ಟರ ಕೋಣೆಯಲ್ಲಿ ಮಾತ್ರ ಕನ್ನಡ ಬಂದ್!

ಹಾವೇರಿ ಕಡೆಯ ನಮ್ಮ ದೊಡ್ಡವ್ವನನ್ನು ಅಂಥದೊಂದು ಕೋಣೆಗೆ ಕರೆದೊಯ್ದವನು ನಾನೇ. ಆಕೆ ಹೇಳಿದಳು: "ಮುಂಜಾನೆ ಆರಾಮ ಇರ್ತೀನ್ರಿ. ಹೊತ್ತು ಮುಳುಗೂದ್ರಾಗ ಕಣ್ಣಿನ ರೆಪ್ಪಿ ಜೋತು ಬೀಳ್ತಾವು. ರೊಟ್ಟಿ ಅಗೀತ ಅಗೀತ ದವಡಿ ಸೋಲ್ತೈತಿ." ಡಾಕ್ಟರು ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ಒಂದೇ ಪದ ಹೇಳಿದೆ: "ವೀಕ್‌ನೆಸ್." ಅವರು ಅದನ್ನೇ ಬರೆದುಕೊಂಡರು.

ಶುರುವಾಯಿತು ಅಲೆದಾಟ. ರಕ್ತ ಪರೀಕ್ಷೆ, ತಲೆಯ ಎಂಆರ್‌ಐ, ಹೃದಯದ ಎಕೋ. ಎಲ್ಲವೂ ನಾರ್ಮಲ್. ಇನ್ನೊಂದು ಆಸ್ಪತ್ರೆ, ಮತ್ತೆ ಅವೇ ಪರೀಕ್ಷೆಗಳು. ಕೊನೆಗೆ "ಟೆನ್ಷನ್" ಎಂದು ನಿದ್ದೆ ಮಾತ್ರೆ. ಏಳು ತಿಂಗಳು! ಮೆಣಸಿನಕಾಯಿ ಬೆಳೆಯ ದುಡ್ಡೆಲ್ಲ ಸ್ಕ್ಯಾನಿಂಗಿಗೆ ಹೋಯಿತು. ಮನೆಯವರೇ "ನಾಟಕ ಮಾಡ್ತಾಳ" ಎನ್ನತೊಡಗಿದರು.

ಎಂಟನೇ ತಿಂಗಳು ಸರ್ಕಾರಿ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರು ಕನ್ನಡದಲ್ಲಿ ಕೇಳಿದರು: "ಯಾವ ಹೊತ್ತಿಗೆ ಜಾಸ್ತಿ ಆಗ್ತದಮ್ಮ?" ದೊಡ್ಡವ್ವ ಅದೇ ಮಾತು ಹೇಳಿದಳು. ಅವರು ಒಂದೇ ಸಮನೆ ಮೇಲೆ ನೋಡುತ್ತಿರಲು ಹೇಳಿದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ರೆಪ್ಪೆಗಳು ಇಳಿದವು. ಮಯಸ್ತೇನಿಯಾ ಗ್ರೇವಿಸ್! ನರದ ಸಂದೇಶ ಸ್ನಾಯುವಿಗೆ ತಲುಪದಂತೆ ದೇಹದ ರಕ್ಷಣಾ ವ್ಯವಸ್ಥೆಯೇ ಅಡ್ಡಗಟ್ಟುವ ಕಾಯಿಲೆ. ದುಡಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ತಲೆಯ ಎಂಆರ್‌ಐನಲ್ಲಿ ಇದು ಕಾಣುವುದಿಲ್ಲ. ಅದಕ್ಕೆಂದೇ ಇರುವ ರಕ್ತ ಪರೀಕ್ಷೆ ಮಾಡಿಸಿದಾಗ ಖಚಿತವಾಯಿತು. ಮೊದಲ ದಿನವೇ ದೊಡ್ಡವ್ವ ತನ್ನ ರೋಗವನ್ನು ಪೂರ್ತಿ ಹೇಳಿದ್ದಳು. ಕೇಳುವ ಕಿವಿ ಇರಲಿಲ್ಲ!

ಇದು ಬರೀ ಭಾಷಾಭಿಮಾನದ ಮಾತಲ್ಲ. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. 80 ಹೊಸ ರೋಗಿಗಳಲ್ಲಿ 66 ಮಂದಿಯ ಕಾಯಿಲೆ, ಮೈ ಮುಟ್ಟಿ ನೋಡುವ ಮೊದಲೇ, ಅವರ ಕತೆ ಕೇಳಿದಾಗಲೇ ಸರಿಯಾಗಿ ಗೊತ್ತಾಗಿತ್ತು. ರೋಗಿಯ ಮಾತೇ ಮೊದಲ ಪರೀಕ್ಷೆ. ಆ ಪರೀಕ್ಷೆ ಮಾಡದೆ ಉಳಿದವಕ್ಕೆಲ್ಲ ಬಿಲ್ ಹಾಕುವುದು ಯಾವ ನ್ಯಾಯ?

ಕೆಲವು ರೋಗಗಳು ಕನ್ನಡ ಬಲ್ಲ ಡಾಕ್ಟರಿಗೂ ಬೇಗ ಸಿಕ್ಕುವುದಿಲ್ಲ, ಒಪ್ಪೋಣ. ಎರಡು ನಿಮಿಷದಲ್ಲಿ ಚೀಟಿ ಗೀಚಿ ಕಳಿಸುವ ಕನ್ನಡಿಗ ಡಾಕ್ಟರೂ ಇದ್ದಾರೆ. ಕೇರಳದಿಂದ ಬಂದು, ಕನ್ನಡ ಕಲಿತು, ರೋಗಿಯ ಕೈ ಹಿಡಿಯುವ ನರ್ಸುಗಳೂ ಇದ್ದಾರೆ. ಅವರಿಗೆ ನಮ್ಮ ನಮಸ್ಕಾರ. ನಮ್ಮ ಜಗಳ ಆಡಳಿತ ಮಂಡಳಿಗಳ ಜೊತೆ. ಕೋಟಿಗಟ್ಟಲೆಯ ಯಂತ್ರ ತರಿಸುವ ನಿಮಗೆ ಒಬ್ಬ ದುಭಾಷಿಯನ್ನಿಡಲು ದುಡ್ಡಿಲ್ಲವೇ? ಸರ್ಕಾರಕ್ಕೂ ಒಂದು ಪ್ರಶ್ನೆ: 2019ರ ಎಂಬಿಬಿಎಸ್ ಪಠ್ಯಕ್ರಮದ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆಯ ಪಾಠವಿತ್ತು. ಆ ಪಾಠ ವಾರ್ಡಿನವರೆಗೆ ಯಾಕೆ ಬರಲಿಲ್ಲ?

ಕೊನೆಯ ಪ್ರಶ್ನೆ ನನಗೆ, ನಿಮಗೆ. ಜೋಮು, ಚಳುಕು, ಸಂಕಟ, ತಳಮಳ... ಇವೆಲ್ಲ ಬೇರೆ ಬೇರೆ. ಇವನ್ನೆಲ್ಲ "ಪೇನ್", "ವೀಕ್‌ನೆಸ್" ಎಂದು ಒರೆಸಿಹಾಕುವವರು ಯಾರು? ಇಂಗ್ಲಿಷ್ ಬರುತ್ತದೆಂದು ಬೀಗುವ ನಾವೇ!

ಇನ್ನು ಮೇಲೆ ಹೀಗೆ ಮಾಡಿ. ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ, ಯಾವ ಹೊತ್ತಿಗೆ ಏನಾಗುತ್ತದೆಂಬುದರ ಸಮೇತ, ಬರೆದುಕೊಂಡು ಹೋಗಿ. ಒಂದು ಮಾತನ್ನೂ ನುಂಗದೆ ಡಾಕ್ಟರಿಗೆ ದಾಟಿಸಿ. ಕನ್ನಡ ಬಲ್ಲವರನ್ನು ಕರೆಸಿ ಎಂದು ಪಟ್ಟು ಹಿಡಿಯಿರಿ. ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುತ್ತಿದ್ದರೆ ಹಳೆಯ ದಾಖಲೆ ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಡತೆ ನಿಯಮವೇ ಹೇಳುತ್ತದೆ. ಅದು ಭಿಕ್ಷೆಯಲ್ಲ, ಹಕ್ಕು!

ಬೋರ್ಡಿನ ಮೇಲೆ ಕನ್ನಡ ಬರೆಸಿದರೆ ಸಾಲದು ಗೆಳೆಯರೇ. ಡಾಕ್ಟರ ಕಿವಿಗೂ ಕನ್ನಡ ಬೀಳಲಿ!