ಎಕ್ಸಾಮ್ ಟೈಮಲ್ಲೇ ನೆಗಡಿ ಯಾಕೆ? (ಸರಣಿ: ಭಾಗ 6)

ಸೆಮ್ ಎಕ್ಸಾಮ್ ಹತ್ರ ಬಂತು ಅಂದ್ರೆ ಕ್ಲಾಸಲ್ಲಿ ಅರ್ಧ ಜನಕ್ಕೆ ನೆಗಡಿ, ಬಾಯಿಹುಣ್ಣು. "ಓದದೇ ಇರೋಕೆ ನೆಪ" ಅಂತ ಬೈಸ್ಕೊಳ್ಳೋದು ಬೇರೆ. ಎಲ್ಲರದ್ದೂ ನೆಪ ಅಲ್ಲ ಅನ್ನೋದು ನನ್ನ ವಾದ. ನಾನು ಬಿಕಾಂ, ಡಾಕ್ಟರ್ ಅಲ್ಲ. ಓದಿ ಅರ್ಥ ಆಗಿದ್ದನ್ನ ಹೇಳ್ತೀನಿ. ಉದ್ದ ಇದೆ, ಪೂರ್ತಿ ಓದಿ 🙏

1️⃣ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಓಹಾಯೋದಲ್ಲಿ 11 ಡೆಂಟಲ್ ವಿದ್ಯಾರ್ಥಿಗಳ ಅಂಗುಳದಲ್ಲಿ 3.5 ಮಿ.ಮೀ. ಅಗಲದ ಚಿಕ್ಕ ಗಾಯ ಮಾಡಿದ್ರು. ಒಂದ್ಸಲ ಬೇಸಿಗೆ ರಜೆಯಲ್ಲಿ, ಇನ್ನೊಂದ್ಸಲ ಎಕ್ಸಾಮ್‌ಗೆ 3 ದಿನ ಮುಂಚೆ. ಅದೇ ಜನ, ಅಷ್ಟೇ ಗಾಯ. ಎಕ್ಸಾಮ್ ಹೊತ್ತಲ್ಲಿ ವಾಸಿಯಾಗೋಕೆ ಸರಾಸರಿ 3 ದಿನ ಜಾಸ್ತಿ ಬೇಕಾಯ್ತು. ರಜೆಯಲ್ಲಿ ಆದಷ್ಟು ಬೇಗ ಒಬ್ಬರಿಗೂ ವಾಸಿಯಾಗ್ಲಿಲ್ಲ!

2️⃣ ಯಾಕೆ ಹೀಗೆ? ರೋಗನಿರೋಧಕ ಜೀವಕೋಶಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಲ್ಲ. ನರಗಳು ಗುಲ್ಮದವರೆಗೂ ಹೋಗ್ತವೆ. ಒತ್ತಡ ಬಂದಾಗ ಮೆದುಳಿನ ಆದೇಶದ ಮೇಲೆ ಕಾರ್ಟಿಸಾಲ್ ಬಿಡುಗಡೆ ಆಗುತ್ತೆ, ಅದು ರಕ್ಷಣಾ ಕೆಲಸವನ್ನ ತಗ್ಗಿಸುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ಹಣಕಾಸು ಇಲಾಖೆ ಒಂದು ಇಲಾಖೆಯ ಅನುದಾನ ಹಿಡಿದು ಇನ್ನೊಂದಕ್ಕೆ ಕೊಟ್ಟ ಹಾಗೆ.

3️⃣ ಹಿಡಿಯೋದು ಯಾಕೆ ಅಂತೀರಾ? ಒಂದು ಮಿಲಿಮೀಟರ್ ಉದ್ದದ ಹುಳ ಇದೆ, ಸಿ. ಎಲಿಗನ್ಸ್ ಅಂತ. ಅದರಲ್ಲಿರೋದು 302 ನರಕೋಶ ಅಷ್ಟೇ. ಅವುಗಳಲ್ಲಿ ಕೆಲವು ಹುಳದ ರಕ್ಷಣೆಗೆ ಬ್ರೇಕ್ ಹಾಕ್ತವೆ ಅಂತ 2011ರಲ್ಲಿ ಗೊತ್ತಾಯ್ತು. ರಕ್ಷಣೆಗೆ ರಾಶಿ ಪ್ರೋಟೀನ್ ತಯಾರಾಗ್ಬೇಕು. ಅತಿಯಾದ್ರೆ ಜೀವಕೋಶಕ್ಕೇ ಹೊರೆ. ನಮ್ಮಲ್ಲೂ ರಕ್ಷಣೆ ಹದ ತಪ್ಪಿ ಸ್ವಂತ ಕೀಲುಗಳ ಮೇಲೇ ತಿರುಗಿಬಿದ್ರೆ ಅದೇ ರುಮಟಾಯ್ಡ್ ಸಂಧಿವಾತ. ಅದಕ್ಕೇ "ಇಮ್ಯೂನಿಟಿ ಬೂಸ್ಟರ್" ಪುಡಿ ಜಾಹೀರಾತು ನೋಡಿದ್ರೆ ನಂಗೆ ನಗು. ದೇಹ ಕೇಳೋದು ಹದ, ಬೂಸ್ಟ್ ಅಲ್ಲ.

4️⃣ ಈಗ ನೈಟ್‌ಔಟ್ ಹೀರೋಗಳಿಗೆ 😏 2015ರ ಅಧ್ಯಯನದಲ್ಲಿ 164 ಜನರ ನಿದ್ದೆ ಅಳೆದು, ಆಮೇಲೆ ಮೂಗಿಗೆ ನೆಗಡಿ ವೈರಸ್ ಹಾಕಿದ್ರು. 7 ಗಂಟೆಗಿಂತ ಜಾಸ್ತಿ ಮಲಗಿದವರಿಗೆ ಹೋಲಿಸಿದ್ರೆ, 6 ಗಂಟೆಗಿಂತ ಕಮ್ಮಿ ಮಲಗಿದವರಿಗೆ ನೆಗಡಿ ಹಿಡಿಯೋ ಸಾಧ್ಯತೆ 4 ಪಟ್ಟಿಗಿಂತ ಜಾಸ್ತಿ!

"ಟೆನ್ಷನ್ ಇಲ್ದೆ ಯಾರು ಓದ್ತಾರೆ?" ಅಂತ ಕೇಳ್ಬಹುದು. ಒಂದು ಗಂಟೆಯ ಟೆನ್ಷನ್ ದೇಹ ತಡ್ಕೊಳ್ಳುತ್ತೆ. ತೊಂದರೆ ಕೊಡೋದು ವಾರಗಟ್ಟಲೆ ಇಳಿಯದ ಟೆನ್ಷನ್. ಹಾಗಂತ ಹುಷಾರಿಲ್ಲದವರಿಗೆ "ನೀನೇ ಟೆನ್ಷನ್ ಮಾಡ್ಕೊಂಡೆ" ಅಂತ ಹೇಳೋದೂ ತಪ್ಪು. ರೋಗ ತರೋದು ವೈರಸ್, ಬಾಗಿಲು ಸಡಿಲ ಮಾಡೋದಷ್ಟೇ ಒತ್ತಡ.

ನನ್ನ ಬೇಡಿಕೆ ಎರಡೇ.
👉 ಮೂರು ದಿನ ಮಲಗಿಲ್ಲ ಅಂತ ಸ್ಟೋರಿ ಹಾಕೋದು ಸಾಹಸ ಅಲ್ಲ. ಅದಕ್ಕೆ ಬೆಂಕಿ ಇಮೋಜಿ ಒತ್ತೋದು ನಿಲ್ಸೋಣ.
👉 ಎರಡು ಪೇಪರ್ ಮಧ್ಯೆ ಒಂದು ದಿನ ಬಿಡುವು ಕೊಡಿ ಅಂತ ಕ್ಲಾಸ್ ರೆಪ್‌ಗಳು ಬರವಣಿಗೆಯಲ್ಲಿ ಕೇಳ್ಲಿ. ಇದನ್ನ ಸೋಮಾರಿಗಳ ಬೇಡಿಕೆ ಅಂದ್ರೆ ಆ 11 ಜನರ ಗಾಯದ ಲೆಕ್ಕ ತೋರ್ಸಿ.

ನಿಮ್ಮ ಟೈಮ್‌ಟೇಬಲ್‌ನಲ್ಲಿ ಬಿಡುವು ಎಷ್ಟಿದೆ? ಕಮೆಂಟಲ್ಲಿ ಹೇಳಿ. ನಾಳೆ ಪೇಪರ್ ಇದ್ರೆ ಕಮೆಂಟ್ ಬೇಡ, ಹೋಗಿ ಮಲ್ಕೊಳ್ಳಿ 😴

#ಎಕ್ಸಾಮ್‌ಟೈಮ್ #ನಿದ್ದೆಮಾಡ್ರಪ್ಪ #ಬಿಕಾಂಬದುಕು